ಈ ಕಾಯಿಲೆ ಯಾರಿಗೆ ಬರುತ್ತದೆ, ಅದನ್ನು ಹೇಳಿ

ಜಮಖಂಡಿಯ ಲ್ಯಾಬಿನಲ್ಲಿ ಕೆಲಸ ಮಾಡುತ್ತ ನೀವು ನಮ್ಮ ಪತ್ರಿಕೆಗೆ ಬರೆದು ಕಳಿಸಿದ 'ರಕ್ತದೊಳಗಿನ ತುಕ್ಕು' ಲೇಖನ ಓದಿದೆ. ವಯಸ್ಸಾದವರ ಮೈಯಲ್ಲಿ ಕಬ್ಬಿಣ ತುಂಬಿಕೊಳ್ಳುವ ಆನುವಂಶಿಕ ಕಾಯಿಲೆ ಹಿಮೋಕ್ರೊಮಾಟೋಸಿಸ್ ಬಗ್ಗೆ ಕನ್ನಡದಲ್ಲಿ ಬರೆಯುವವರು ಕಡಿಮೆ. ಭಾಷೆ ಸರಳವಾಗಿದೆ, ಕರುಳು ಹೀರುವ ಕಬ್ಬಿಣಕ್ಕೆ ಕಡಿವಾಣ ಹಾಕುವ ಹೆಪ್ಸಿಡಿನ್ ಹಾರ್ಮೋನಿನ ಪ್ಯಾರಾ ಚೆನ್ನಾಗಿದೆ. ಆದರೂ ಓದಿ ಮುಗಿಸುವಷ್ಟರಲ್ಲಿ ನನಗೆ ಸಿಟ್ಟು ಬಂದಿತ್ತು.

'ಪ್ರತಿ ಇನ್ನೂರು ಜನರಲ್ಲಿ ಒಬ್ಬರಿಗೆ ಈ ರೂಪಾಂತರವಿದೆ' ಎಂದಿದ್ದೀರಿ. ಎಲ್ಲಿಯ ಇನ್ನೂರು ಜನ? ಅದು ಉತ್ತರ ಯುರೋಪ್ ಮೂಲದವರ ಲೆಕ್ಕ. 1996ರಲ್ಲಿ ಪತ್ತೆಯಾದ ಎಚ್‌ಎಫ್‌ಇ ಎಂಬ ಜೀನಿನ ಸಿ282ವೈ ರೂಪಾಂತರವನ್ನು, ಅಂದರೆ ಈ ಕಾಯಿಲೆಗೆ ಮುಖ್ಯ ಕಾರಣವಾದ ಜೀನ್ ಬದಲಾವಣೆಯನ್ನು, ತಂದೆ ತಾಯಿ ಇಬ್ಬರಿಂದಲೂ ಪಡೆದವರು ಅಲ್ಲಿ 200–300 ಜನರಿಗೆ ಒಬ್ಬರು. ನಮ್ಮಲ್ಲಿ ಅದು ತೀರಾ ಅಪರೂಪ. ಇಲ್ಲಿ ಹೆಚ್ಚಾಗಿ ಕಾಣುವುದು ಅದೇ ಜೀನಿನ ಇನ್ನೊಂದು ರೂಪಾಂತರ ಎಚ್63ಡಿ, ಅದೊಂದರಿಂದಲೇ ಕಾಯಿಲೆ ಬರುವುದು ವಿರಳ. ನಮ್ಮ ಆಸ್ಪತ್ರೆಗಳಲ್ಲಿ ಮೈಯಲ್ಲಿ ಕಬ್ಬಿಣ ತುಂಬಿಕೊಂಡವರೆಂದರೆ ಬಹುಪಾಲು ಮೇಲಿಂದ ಮೇಲೆ ರಕ್ತ ಹಾಕಿಸಿಕೊಳ್ಳಬೇಕಾದ, ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯ ಮಕ್ಕಳು. ಇದನ್ನು ಹೇಳದಿದ್ದರೆ ಎರಡು ಸಾವಿರ ಜನರ ತನ್ನೂರಿನಲ್ಲಿ ಹತ್ತು ರೋಗಿಗಳಿದ್ದಾರೆಂದು ಓದುಗ ಲೆಕ್ಕ ಹಾಕುತ್ತಾನೆ.

ಮುಂದಿನ ಸಾಲು ಇನ್ನೂ ಕೆಟ್ಟದ್ದು: 'ರೂಪಾಂತರ ಇದ್ದವರಿಗೆ ಅರವತ್ತರ ನಂತರ ಲಿವರ್ ಕೆಡುವುದು ಖಚಿತ.' ಖಚಿತವಲ್ಲ. ತಂದೆ ತಾಯಿಯಲ್ಲಿ ಒಬ್ಬರಿಂದ ಮಾತ್ರ ಬಂದ ಒಂದೇ ಪ್ರತಿ ಇದ್ದವರು ವಾಹಕರಷ್ಟೇ, ಸಾಮಾನ್ಯವಾಗಿ ಅವರಿಗೆ ಏನೂ ಆಗುವುದಿಲ್ಲ. ಎರಡು ಪ್ರತಿ ಇದ್ದವರಲ್ಲೂ ಎಷ್ಟೋ ಜನರ ಲಿವರ್ ಕೊನೆತನಕ ಕೆಡುವುದಿಲ್ಲ. ಕುಡಿತ ಸೇರಿದರೆ ಅಪಾಯ ಹೆಚ್ಚು. ಇನ್ನು ವಯಸ್ಸಾದ ಮೇಲೆಯೇ ಏಕೆ ಎಂಬುದಕ್ಕೆ ನಿಮ್ಮಲ್ಲಿ ಉತ್ತರವೇ ಇಲ್ಲ. ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ. ಆರೋಗ್ಯವಂತರ ಕರುಳು ದಿನಕ್ಕೆ 1–2 ಮಿಲಿಗ್ರಾಂ ಹೀರಿಕೊಂಡರೆ, ಹೆಪ್ಸಿಡಿನ್ ಸಾಲದವರ ಕರುಳು ತುಸು ಹೆಚ್ಚು ಹೀರುತ್ತಲೇ ಹೋಗುತ್ತದೆ. ಆ ತುಸುವೇ ಹತ್ತಾರು ವರ್ಷ ಲಿವರಿನಲ್ಲಿ, ಹೃದಯದಲ್ಲಿ, ಕೀಲುಗಳಲ್ಲಿ ಕೂಡುತ್ತದೆ. ಹೆಂಗಸರು ಮುಟ್ಟಿನಲ್ಲಿ, ಹೆರಿಗೆಯಲ್ಲಿ ಕಬ್ಬಿಣ ಕಳೆದುಕೊಳ್ಳುವುದರಿಂದ ಅವರಲ್ಲಿ ಲಕ್ಷಣ ಕಾಣುವುದು ಸಾಮಾನ್ಯವಾಗಿ ಮುಟ್ಟು ನಿಂತ ಮೇಲೆ.

ಬೆಳಗಾವಿಯಲ್ಲಿ ನಾನು ಕೆಲಸ ಕಲಿತ ವಾರಪತ್ರಿಕೆಯಲ್ಲಿ ಓದುಗರ ಕಾರ್ಡುಗಳಿಗೆ ಉತ್ತರ ಬರೆಯುವುದು ಹೊಸಬರ ಪಾಲಿಗಿತ್ತು. ಆರೋಗ್ಯದ ಲೇಖನ ಬಂದ ವಾರ ಬೈಲಹೊಂಗಲ, ರಾಮದುರ್ಗ, ಸವದತ್ತಿ ಕಡೆಯಿಂದ ಕಾರ್ಡು ಬರುತ್ತಿದ್ದವು. 'ನೀವು ಬರದದ್ದೆಲ್ಲಾ ನನಗ ಐತ್ರಿ, ನಾ ಇನ್ನ ಎಷ್ಟ ದಿವಸ ಇರ್ತೀನಿ?' ನಾವು ಕೂತು ಸಮಾಧಾನದ ಉತ್ತರ ಬರೆದರೆ ನಮ್ಮ ಹಿರಿಯ ಉಪಸಂಪಾದಕರು ಅದನ್ನು ಓದಿ, 'ಈ ಮಾತು ಲೇಖನದಾಗ ಯಾಕ ಇರಲಿಲ್ಲ?' ಎನ್ನುತ್ತಿದ್ದರು. ಆರೋಗ್ಯದ ಬರಹ ಕೈಗೆ ಬಂದಾಗಲೆಲ್ಲ ನಾನು ಇಂದಿಗೂ ಆ ಕಾರ್ಡುಗಳನ್ನು ಬರೆದವರಾಗಿಯೇ ಓದುತ್ತೇನೆ.

ಹಾಗೆ ಓದಿದ್ದರಿಂದಲೇ ನಿಮ್ಮ ಕೊನೆಯ ಸಾಲನ್ನು ಸಹಿಸಲಾಗಲಿಲ್ಲ: 'ಆದ್ದರಿಂದ ಎಲ್ಲರೂ ಸೊಪ್ಪು, ಬೆಲ್ಲ, ಕಬ್ಬಿಣದ ಮಾತ್ರೆ ಕಡಿಮೆ ಮಾಡಬೇಕು.' ಎಲ್ಲರೂ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಪುಸಲಾಯಿಸಿ ನುಂಗಿಸುವ ಮಾತ್ರೆಯನ್ನು ಒಬ್ಬ ಬಸುರಿ ನಿಮ್ಮ ಸಾಲು ಓದಿ ಬಿಟ್ಟರೆ? ಹಿಮೋಕ್ರೊಮಾಟೋಸಿಸ್ ಖಚಿತವಾದವರಿಗೂ ಮುಖ್ಯ ಚಿಕಿತ್ಸೆ ರಕ್ತ ತೆಗೆಯುವುದು. ಒಮ್ಮೆಗೆ ಸುಮಾರು 450–500 ಮಿಲಿಲೀಟರ್ ತೆಗೆದರೆ 200–250 ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ಸೊಪ್ಪು ಬಿಟ್ಟರೆ ಅದು ಆಗದು.

ಆ ಸಾಲು ತೆಗೆಯಿರಿ. ಆ ಜಾಗದಲ್ಲಿ ಪರೀಕ್ಷೆಯ ಬಗ್ಗೆ ಬರೆಯಿರಿ. ಸೋಂಕು, ಫ್ಯಾಟಿ ಲಿವರ್, ಕುಡಿತದಿಂದಲೂ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಸುಳಿವು ಕೊಡುವ ಫೆರಿಟಿನ್ ಏರುತ್ತದೆ, ಆದ್ದರಿಂದ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್, ಅಂದರೆ ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನು ಎಷ್ಟು ತುಂಬಿದೆ ಎಂಬುದನ್ನು ಕೂಡ ನೋಡಬೇಕು. ಮನೆಯಲ್ಲಿ ಒಬ್ಬರಿಗೆ ಕಾಯಿಲೆ ಖಚಿತವಾದರೆ ಒಡಹುಟ್ಟಿದವರು ಪರೀಕ್ಷೆ ಮಾಡಿಸಿಕೊಳ್ಳಬೇಕು. ವರದಿ ಹಿಡಿದು ಕಿಟಕಿಗೆ ಬರುವವರು ನಿಮ್ಮನ್ನು ಏನು ಕೇಳುತ್ತಾರೆ ಎಂಬುದೂ ಇರಲಿ. ಅದು ನನ್ನ ಬಳಿ ಇಲ್ಲ, ನಿಮ್ಮ ಬಳಿ ಇದೆ. ದಸರೆಯೊಳಗೆ ಕಳಿಸಿದರೆ ದೀಪಾವಳಿ ಸಂಚಿಕೆಗೆ ನೋಡೋಣ.