ತೂಕ ಎತ್ತಿದರೂ ಸರ್ವ್ ಯಾಕೆ ಸುಧಾರಿಸಿಲ್ಲ?

ತಮ್ಮಾ, ಒಂದು ತಿಂಗಳಿಂದ ಡಂಬಲ್ಸ್ ಎತ್ತುತ್ತಿದ್ದೀಯ, 5 ಕೆಜಿ ಇದ್ದದ್ದು 8ಕ್ಕೆ ಬಂದಿದೆ, ಆದರೆ ತೋಳು ದಪ್ಪ ಆಗಿಲ್ಲ, ವಾಲಿಬಾಲ್ ಸರ್ವ್ ಇನ್ನೂ ನೆಟ್ಟಿಗೇ ಬಡಿಯುತ್ತಿದೆ ಅಂತ ಕೇಳಿದ್ದೀಯ. ತೋಳಿನ ಬಗ್ಗೆ ಚಿಂತೆ ಬೇಡ. ಮೊದಲ ಕೆಲವು ವಾರ ಜಾಸ್ತಿ ಬದಲಾಗುವುದು ನರಗಳೇ. ಇರುವ ಸ್ನಾಯುವನ್ನೇ ಹೆಚ್ಚು ಪೂರ್ತಿಯಾಗಿ ಕೆಲಸಕ್ಕೆ ಹಚ್ಚುವುದನ್ನು ಅವು ಕಲಿಯುತ್ತವೆ. ದಪ್ಪವಾಗುವುದು ಆಮೇಲೆ.

ಸರ್ವ್ ವಿಷಯ ಬೇರೆ. ಮಿದುಳಿನಿಂದ ಕೈಗೆ ಅಪ್ಪಣೆ ಇಳಿಯಲು ಒಂದೇ ದಾರಿ ಇಲ್ಲ. ಹೊರಪದರದಿಂದ ಬೆನ್ನುಹುರಿಗೆ ಇಳಿಯುವ ದಾರಿ ಒಂದು. ಬೆರಳು, ಮಣಿಕಟ್ಟಿನ ನಾಜೂಕು ಕೆಲಸ ಮುಖ್ಯವಾಗಿ ಇದರದ್ದು. ಮಿದುಳಿನ ಬುಡದಿಂದ ಇಳಿಯುವ ದಾರಿ ಇನ್ನೊಂದು. ನಿಲುವು, ನಡಿಗೆ, ಜೋರಾಗಿ ಹಿಡಿದೆಳೆಯುವ ಕೆಲಸದಲ್ಲಿ ಇದರ ಪಾಲು ದೊಡ್ಡದು. 2020ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು ಕೋತಿಗಳಿಗೆ ಒಂದೇ ಕೈಯಲ್ಲಿ ಭಾರದ ಹಿಡಿಯನ್ನು ವಾರಗಟ್ಟಲೆ ಎಳೆಸಿ ಅಳೆದರು. ಗಟ್ಟಿಯಾದದ್ದು ಈ ಎರಡನೇ ದಾರಿ. ನೀನು ಸುಮ್ನೆ ಭಾರ ಎತ್ತಿದಷ್ಟಕ್ಕೇ ಚೆಂಡಿನ ಗುರಿ ಯಾಕೆ ಸರಿಹೋಗಲಿಲ್ಲ ಅನ್ನುವುದು ಇದರಿಂದ ಸ್ವಲ್ಪ ಅರ್ಥವಾಗುತ್ತದೆ ಅಲ್ವಾ?

ಹಾಗಂತ ಡಂಬಲ್ಸ್ ಬಿಡಬೇಡ. ಎತ್ತುವ ರೀತಿ ಬದಲಿಸು. ಫೋನಿನಲ್ಲಿ ಟಕ್ ಟಕ್ ಅಂತ ತಾಳ ಕೊಡುವ ಮೆಟ್ರೋನೋಮ್ ಆ್ಯಪ್ ಹಾಕಿಕೊಂಡು, ಆ ತಾಳಕ್ಕೆ ಸರಿಯಾಗಿ 3 ಸೆಕೆಂಡು ಎತ್ತು, 4 ಸೆಕೆಂಡು ಇಳಿಸು. ಹೀಗೆ ಗಮನವಿಟ್ಟು ಎತ್ತಿದಾಗ ಮೊದಲನೇ ದಾರಿಯೂ ಚುರುಕಾಗುತ್ತದೆ ಅಂತ ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ತಮಗೆ ತೋಚಿದ ವೇಗದಲ್ಲಿ ಎತ್ತಿದವರಲ್ಲಿ ಅಷ್ಟು ಬದಲಾವಣೆ ಇರಲಿಲ್ಲ.

ಸರ್ವ್ ಅಭ್ಯಾಸ ಮಾತ್ರ ಮೈ ದಣಿಯುವ ಮೊದಲೇ ಆಗಲಿ. ಅಂಕಣದಲ್ಲಿ ಒಂದು ಟವೆಲ್ ಹಾಸಿ ಅದಕ್ಕೇ ಗುರಿಯಿಡು. ಪ್ರತಿ ಸರ್ವ್ ಆದ ಮೇಲೆ ಚೆಂಡು ಎಲ್ಲಿ ಬಿತ್ತು ಅಂತ ನೋಡು. ತಪ್ಪು ಕಂಡಾಗಲೇ ಮಿದುಳು ತಿದ್ದಿಕೊಳ್ಳುವುದು. ಓಟ, ಸೈಕಲ್, ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತುವುದು ಇವೆಲ್ಲ ಅಭ್ಯಾಸ ಮುಗಿದ ಮೇಲೆ ಇರಲಿ. 2012ರಲ್ಲಿ ಡೆನ್ಮಾರ್ಕಿನಲ್ಲಿ ನಡೆದ ಪ್ರಯೋಗದಲ್ಲಿ, ಕೈಚಳಕದ ಕೆಲಸ ಕಲಿತ ಕೂಡಲೇ 15 ನಿಮಿಷ ಜೋರಾಗಿ ಸೈಕಲ್ ತುಳಿದವರು ಒಂದು ವಾರದ ನಂತರ ಆ ಕೆಲಸವನ್ನು ಉಳಿದವರಿಗಿಂತ ಚೆನ್ನಾಗಿ ಮಾಡಿದರು. ನನಗೆ ತುಂಬಾ ಇಷ್ಟವಾದ ಸಂಗತಿ ಇದು, ಖರ್ಚಿಲ್ಲದೆ ಯಾರು ಬೇಕಾದರೂ ಮಾಡಬಹುದು.

ಇನ್ನು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿರುವ ಇನ್ನೊಬ್ಬ ಅಣ್ಣ, ಎಲ್ಲ ವ್ಯಾಯಾಮ ನಿಲ್ಲಿಸಲಾ ಅಂತ ಕೇಳಿದ್ದೀರಿ. ಡಾಕ್ಟರ್ ಬೇಡ ಅನ್ನದಿದ್ದರೆ ಎಡಗೈಗೆ ವ್ಯಾಯಾಮ ಕೊಡಿ. ಒಂದು ಕೈ ಪಳಗಿಸಿದರೆ ಇನ್ನೊಂದಕ್ಕೂ ಸ್ವಲ್ಪ ಬಲ ಬರುತ್ತದೆ ಅಂತ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1894ರಲ್ಲೇ ಬರೆದಿಟ್ಟಿದ್ದಾರೆ. ಕಟ್ಟಿಟ್ಟ ಕೈ ಬಲ ಕಳೆದುಕೊಳ್ಳುವುದೂ ಕಡಿಮೆಯಾಗುತ್ತದೆ. ವಾರಕ್ಕೆ ಮೂರು ದಿನ ಸಾಕು. ಹಗುರ ತೂಕ ಬೇಡ, ಎಂಟು ಹತ್ತು ಸಲ ಎತ್ತುವಷ್ಟರಲ್ಲಿ ಕಷ್ಟ ಅನ್ನಿಸುವಂಥದ್ದು ಆರಿಸಿಕೊಳ್ಳಿ. ಬಿಪಿ ಇದ್ದರೆ ಮಾತ್ರ ಮೊದಲು ಡಾಕ್ಟರನ್ನು ಕೇಳಿ, ಎತ್ತುವಾಗ ಉಸಿರು ಬಿಗಿಹಿಡಿಯಬೇಡಿ.