ಹತ್ತು ತೋಟಾದ ಕೋವಿ ಎಷ್ಟು ಉಪಯುಕ್ತ?

ಪ್ರಶ್ನೆ: ನಲವತ್ತು ವರ್ಷಗಳಿಂದ ಜೋಡುನಳಿಗೆ ಕೋವಿಯನ್ನೇ ಬಳಸಿಕೊಂಡು ಬಂದವನು ನಾನು. ಮಗಳು ಮತ್ತು ಅಳಿಯ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾರೆ. ಅಲ್ಲಿ ಅವರು ಕೊಂಡಿರುವ ಜಮೀನಿನಲ್ಲಿ ಕಾಡುಹಂದಿಗಳ ಕಾಟ ವಿಪರೀತವಂತೆ. ಹತ್ತು ತೋಟಾ ಹಿಡಿಯುವ, ಕಳಚಬಹುದಾದ ಪೆಟ್ಟಿಗೆ ಮ್ಯಾಗಜಿನ್ ಇರುವ 12 ಬೋರಿನ ಸೆಮಿ-ಆಟೋಮ್ಯಾಟಿಕ್ ಕೋವಿಯೊಂದನ್ನು ಕೊಳ್ಳಬೇಕೆಂದು ಅಳಿಯ ನನ್ನ ಅಭಿಪ್ರಾಯ ಕೇಳುತ್ತಿದ್ದಾರೆ. ಹಂದಿಗೂ ಮನೆಯ ರಕ್ಷಣೆಗೂ ಅದೊಂದೇ ಸಾಕೇ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯಗಳು ಬೆರೆತಿವೆ. ಕೋವಿ ತಾನಾಗಿ ಮುಂದಿನ ತೋಟಾವನ್ನು ಏರಿಸಿಕೊಳ್ಳುವುದು ಒಂದು, ಹೊಟ್ಟೆಯಲ್ಲಿ ಎಷ್ಟು ತೋಟಾ ಇಟ್ಟುಕೊಳ್ಳುತ್ತದೆ ಎಂಬುದು ಇನ್ನೊಂದು. ಮೊದಲನೆಯದರ ಬಗ್ಗೆ ತಕರಾರಿಲ್ಲ. ಜಾನ್ ಬ್ರೌನಿಂಗ್ 1900ರಲ್ಲಿ ಪೇಟೆಂಟ್ ಪಡೆದ ಆಟೋ-5 ಕೋವಿ ಐದೇ ತೋಟಾ ಹಿಡಿಯುತ್ತಿದ್ದರೂ ಸುಮಾರು ಒಂದು ಶತಮಾನದವರೆಗೆ ತಯಾರಾಗುತ್ತಲೇ ಇತ್ತು. 1963ರಲ್ಲಿ ಬಂದ ರೆಮಿಂಗ್ಟನ್ 1100ರಂತಹ, ಮದ್ದಿನ ಅನಿಲದ ಬಲದಿಂದಲೇ ಕೆಲಸ ಮಾಡುವ ಕೋವಿಗಳಲ್ಲಿ ಒದೆತವೂ ಎಷ್ಟೋ ಕಡಿಮೆ. ಜೋಡುನಳಿಗೆಯ ಒದೆತ ತಿಂದು ತಿಂದು ಹಣ್ಣಾಗಿರುವ ನಿಮ್ಮ ಹೆಗಲಿಗೆ ಅದು ಹಿತವಾಗಿಯೇ ಕಂಡೀತು.

ಎರಡನೆಯದರಲ್ಲಿ ನನಗೆ ಅನುಮಾನವಿದೆ, ಮತ್ತು ಅದಕ್ಕೆ ಕಾರಣ ಕೋವಿಯಲ್ಲ, ತೋಟಾ. ರೈಫಲ್ಲಿನ ಗುಂಡು ಬೆರಳಿನಷ್ಟು ಸಪೂರವಾಗಿರುವುದರಿಂದ ಮೂವತ್ತನ್ನು ಒಂದು ಪೆಟ್ಟಿಗೆಯಲ್ಲಿ ತುಂಬಿದರೂ ಕೈಗೆ ಭಾರವೆನಿಸುವುದಿಲ್ಲ. ಆದರೆ 12 ಬೋರಿನ ತೋಟಾ ಎರಡು ಸೆಂಟಿಮೀಟರಿಗೂ ಹೆಚ್ಚು ದಪ್ಪ, ಒಂದೊಂದೂ ನಲವತ್ತರಿಂದ ಐವತ್ತು ಗ್ರಾಂ ತೂಕ. ಹತ್ತನ್ನು ಒಂದರ ಮೇಲೊಂದು ಪೇರಿಸಿದರೆ ಒಂದು ಗೇಣು ಉದ್ದದ, ಅರ್ಧ ಕಿಲೋ ಮೀರಿದ ಪೆಟ್ಟಿಗೆ ಕೋವಿಯ ಕೆಳಗೆ ತೂಗಾಡುತ್ತದೆ. ನೆಲಕ್ಕೆ ಮಲಗಿ ಗುರಿ ಹಿಡಿಯಹೊರಟರೆ ಅದೇ ಅಡ್ಡ ಬರುತ್ತದೆ. ಪೆಟ್ಟಿಗೆ ಬೇಡವೆಂದು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಎಂಟು ತೋಟಾ ಜೋಡಿಸಿದರೆ ಕೊಳವೆ ಒಂದು ಮೊಳಕ್ಕೂ ಮೀರಿ, ಭಾರವೆಲ್ಲ ಮುಂದಕ್ಕೆ ಸರಿದು, ಓಡುವ ಹಂದಿಯ ಹಿಂದೆ ಕೋವಿ ತಿರುಗಿಸುವುದು ಕಷ್ಟವಾಗುತ್ತದೆ.

ಇನ್ನೂ ಒಂದು ತೊಡಕಿದೆ. ಈ ತೋಟಾಗಳ ಬುಡದಲ್ಲಿ ಹೊರಚಾಚಿದ ಅಂಚು ಇರುವುದು ನಿಮಗೆ ಗೊತ್ತೇ ಇದೆ. ಜೋಡುನಳಿಗೆಯಲ್ಲಿ ಅದು ವರವಾದರೆ ಪೆಟ್ಟಿಗೆಯಲ್ಲಿ ಶಾಪ. ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಂಡರೆ ಕೋವಿ ಅಲ್ಲಿಗೇ ನಿಂತಿತು. ತುಂಬಿದ ಪೆಟ್ಟಿಗೆಯನ್ನು ತಿಂಗಳುಗಟ್ಟಲೆ ಹಾಗೆಯೇ ಇಟ್ಟರೆ ಸ್ಪ್ರಿಂಗಿನ ಒತ್ತಡಕ್ಕೆ ಪ್ಲಾಸ್ಟಿಕ್ ಕೊಳವೆಯ ತೋಟಾ ಚಪ್ಪಟೆಯಾಗಿ ನಳಿಗೆಯೊಳಗೆ ಕೂರದೆ ಹೋಗಬಹುದು. ಮನೆಯ ರಕ್ಷಣೆಗೆಂದು ಇಡುವವರು ಮಾಡುವುದು ಇದನ್ನೇ ಅಲ್ಲವೇ! ಹಗುರ ಮದ್ದಿನ ತೋಟಾ ಹಾಕಿದರೆ ಯಂತ್ರ ಪೂರ್ತಿ ಹಿಂದೆ ಸರಿಯದೆ ಖಾಲಿ ತೋಟಾ ಬಾಯಲ್ಲೇ ಸಿಕ್ಕಿಬೀಳುವುದೂ ಉಂಟು. ಈ ಬಗೆಯ ಕೋವಿಗಳಲ್ಲಿ ಹೆಸರು ಮಾಡಿದ ರಷ್ಯದ ಸೈಗಾ-12 ಕಲಾಶ್ನಿಕೋವ್ ಮಾದರಿಯದು. 2014ರಲ್ಲಿ ಅಮೆರಿಕ ರಷ್ಯದ ಮೇಲೆ ಹೇರಿದ ನಿರ್ಬಂಧಗಳ ನಂತರ ಅದು ಅಮೆರಿಕಕ್ಕೆ ಆಮದಾಗುತ್ತಿಲ್ಲ. ಈಗ ಅಲ್ಲಿ ಸಿಗುವವುಗಳಲ್ಲಿ ಬಹಳಷ್ಟು ಟರ್ಕಿಯವು, ಅವುಗಳ ಗುಣಮಟ್ಟ ಒಂದೇ ಸಮನಾಗಿಲ್ಲ. ಅಮೆರಿಕದ ನೌಕಾ ಸೈನಿಕದಳ ಸೆಮಿ-ಆಟೋಮ್ಯಾಟಿಕ್ ಕೋವಿಯನ್ನು ಆರಿಸಿಕೊಂಡಾಗಲೂ ಇಟಲಿಯ ಬೆನೆಲ್ಲಿ ಎಂ4 ಎಂಬ ಕೊಳವೆ ಮ್ಯಾಗಜಿನ್ನಿನದನ್ನೇ ತೆಗೆದುಕೊಂಡಿತು ಎಂಬುದನ್ನು ಅಳಿಯಂದಿರಿಗೆ ತಿಳಿಸಿ.

ಪೆಟ್ಟಿಗೆಯ ಪರವಾಗಿ ಹೇಳಬೇಕಾದ ಮಾತೂ ಇದೆ. ಅದನ್ನು ಕ್ಷಣದಲ್ಲಿ ಬದಲಾಯಿಸಬಹುದು. ಹೊತ್ತು ನೋಡಿ ಅಂಕ ಕೊಡುವ ಸ್ಪರ್ಧೆಗಳಲ್ಲಿ ಇದು ದೊಡ್ಡ ಅನುಕೂಲ. ಪೆಟ್ಟಿಗೆ ಕಳಚಿ, ನಳಿಗೆಯೊಳಗಿನ ಒಂದನ್ನು ತೆಗೆದರೆ ಕೋವಿ ಖಾಲಿ. ಹಿಂಡಾಗಿ ಬರುವ ಹಂದಿಗಳಿಗೆ ಎರಡು ಈಡು ಸಾಲದು ಎನ್ನುವುದೂ ನಿಜವೇ. ಆದರೆ ಮೊದಲ ಈಡಿಗೇ ಹಿಂಡು ಚೆದುರಿ ಓಡುತ್ತದೆ, ಮೂರು ನಾಲ್ಕನೆಯ ಈಡಿನ ಹೊತ್ತಿಗೆ ಅವು ಚರೆಯ (ತೋಟಾದೊಳಗಿನ ಸಣ್ಣ ಗುಂಡುಗಳ) ಅಳವಿನಾಚೆ ಇರುತ್ತವೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಬಯಲಿನಲ್ಲಿ ದೂರದ ಹಂದಿಗೆ ರೈಫಲ್ಲೇ ಸರಿ. ಮನೆಯ ವಿಷಯಕ್ಕೆ ಬಂದರೆ, ಅಲ್ಲಿನ ಮನೆಗಳ ಒಳಗೋಡೆಗಳು ಜಿಪ್ಸಂ ಹಲಗೆಯವಾದ್ದರಿಂದ ದಪ್ಪ ಚರೆ ಅವನ್ನು ತೂರಿ ಪಕ್ಕದ ಕೋಣೆಗೆ ಹೋಗುತ್ತದೆ. ಮಕ್ಕಳಿರುವ ಮನೆಯಲ್ಲಿ ಹಾರುವ ಈಡು ಹೆಚ್ಚಿದಷ್ಟೂ ಆತಂಕವೂ ಹೆಚ್ಚು. ಹಾಗಾಗಿ ನಾಲ್ಕೈದು ತೋಟಾದ, ಕೊಳವೆ ಮ್ಯಾಗಜಿನ್ನಿನ ಒಳ್ಳೆಯ ಕೋವಿಯೊಂದನ್ನು ಕೊಂಡು, ಉಳಿದ ಹಣವನ್ನು ತೋಟಾ ಮತ್ತು ಬೀಗವಿರುವ ಕಪಾಟಿಗೆ ಖರ್ಚು ಮಾಡಲಿ ಎಂಬುದು ನನ್ನ ಸಲಹೆ.

ಕಾನೂನಿನ ವಿಷಯ. ಟೆಕ್ಸಾಸ್‌ನಲ್ಲಿ ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆಯಿದ್ದರೆ ಕಾಡುಹಂದಿ ಬೇಟೆಗೆ 2019ರಿಂದ ಬೇಟೆ ಪರವಾನಗಿ ಬೇಕಿಲ್ಲ. ಆದರೆ ಅಳಿಯಂದಿರು ಎಚ್-1ಬಿ ವೀಸಾದಲ್ಲಿದ್ದರೆ ಆ ಪರವಾನಗಿ ಬೇರೆ ಕಾರಣಕ್ಕೆ ಮುಖ್ಯವಾಗುತ್ತದೆ: ತಾತ್ಕಾಲಿಕ ವೀಸಾದವರು ಬಂದೂಕು ಹೊಂದುವುದನ್ನು ಒಕ್ಕೂಟದ ಕಾನೂನು ನಿಷೇಧಿಸುತ್ತದೆ, ಊರ್ಜಿತದಲ್ಲಿರುವ ಬೇಟೆ ಪರವಾನಗಿ ಇರುವುದು ಅದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಒಂದು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಂದರೆಯಿಲ್ಲ. ಬಾತುಕೋಳಿಯಂತಹ ವಲಸೆ ಹಕ್ಕಿಗಳ ಬೇಟೆಗೆ ಹೋದರೆ ಕೋವಿಯಲ್ಲಿ ಒಟ್ಟು ಮೂರಕ್ಕಿಂತ ಹೆಚ್ಚು ತೋಟಾ ಹಿಡಿಯದಂತೆ ಬಿರಡೆ ಹಾಕಿರಬೇಕು. ಮುಂದೆ ಕೆಲಸ ಬದಲಾಗಿ ಕ್ಯಾಲಿಫೋರ್ನಿಯಕ್ಕೆ ಹೋಗಬೇಕಾಗಿ ಬಂದರೆ ಕಳಚುವ ಮ್ಯಾಗಜಿನ್ನಿನ ಸೆಮಿ-ಆಟೋಮ್ಯಾಟಿಕ್ ಕೋವಿ ಅಲ್ಲಿ ನಿಷಿದ್ಧ ಆಯುಧ. ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ಪೂಜೆಗೆ ಊರಿಗೆ ತರಬಹುದೆಂಬ ಆಸೆಯೂ ಬೇಡ. ನಮ್ಮ ಶಸ್ತ್ರಾಸ್ತ್ರ ನಿಯಮಗಳಲ್ಲಿ ಸೆಮಿ-ಆಟೋಮ್ಯಾಟಿಕ್ ಬಂದೂಕುಗಳು ನಿರ್ಬಂಧಿತ ವರ್ಗಕ್ಕೆ ಸೇರಿವೆ. ಆ ದಿನದ ಪೂಜೆಗೆ ನಿಮ್ಮ ಜೋಡುನಳಿಗೆ ಇದ್ದೇ ಇದೆ.