ಲೈಸೆನ್ಸ್ ಕೇಳಿಕೊಂಡು ಬಂದವರು

(ಇವರ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ.)

ಚಟ ಬಿಡಿಸುವ ಆಪ್ತಸಲಹೆಗಾರರಾಗಲು ಲೈಸೆನ್ಸ್ ಹೇಗೆಂದು ಕೇಳಲು ನನ್ನ ಬಳಿ ಬಂದವರನ್ನು 'ಎಂ' ಎನ್ನೋಣ. 34 ವರ್ಷ, ಬಿ.ಕಾಂ. ಓದಿದವರು, ಕುಡಿತ ಬಿಟ್ಟು ನಾಲ್ಕು ವರ್ಷ. ಕೂತ ಕೂಡಲೇ ಮೇಜಿನ ಮೇಲೆ ಒಂದು ಫೈಲ್ ಬಿಚ್ಚಿಟ್ಟರು. ಲ್ಯಾಮಿನೇಟ್ ಮಾಡಿಸಿದ ಏಳು ಸರ್ಟಿಫಿಕೇಟ್, ಎಲ್ಲವೂ ಆನ್‌ಲೈನ್ ಕೋರ್ಸಿನವು. ಅವುಗಳಲ್ಲೊಂದು ಎರಡೇ ದಿನದ್ದು. ಎಲ್ಲಕ್ಕಿಂತ ಅಡಿಯಲ್ಲಿ ಲ್ಯಾಮಿನೇಟ್ ಕಾಣದ, ಮಡಿಕೆಯಲ್ಲಿ ಹರಿಯತೊಡಗಿದ ಒಂದು ಹಾಳೆ: ವ್ಯಸನಮುಕ್ತಿ ಕೇಂದ್ರದ ಡಿಸ್ಚಾರ್ಜ್ ಸಮ್ಮರಿ.

"ಮೇಡಂ, ಇಷ್ಟಿದ್ರೆ ಲೈಸೆನ್ಸ್ ಸಿಗುತ್ತಾ? ಯಾವ ಆಫೀಸಿಗೆ ಅರ್ಜಿ ಹಾಕ್ಬೇಕು?"

ಪರಿಚಯದವರೊಬ್ಬರು ಬಾಡಿಗೆ ಮನೆಯಲ್ಲಿ ಹತ್ತು ಹಾಸಿಗೆ ಹಾಕಿ ಕೇಂದ್ರ ತೆರೆಯುವವರಿದ್ದರು. ಇವರೇ ಇನ್‌ಚಾರ್ಜ್. 'ಲೈಸೆನ್ಸ್ಡ್ ಅಡಿಕ್ಷನ್ ಕೌನ್ಸೆಲರ್' ಎಂಬ ವಿಸಿಟಿಂಗ್ ಕಾರ್ಡಿನ ನಮೂನೆಯೂ ಮೊಬೈಲಿನಲ್ಲಿ ಸಿದ್ಧವಿತ್ತು.

ಇವರು ಓದಿಕೊಂಡದ್ದೆಲ್ಲ ಅಮೆರಿಕದ ಮಾಹಿತಿ. ಅಲ್ಲಿ ಈ ವಿಷಯದಲ್ಲಿ ರಾಜ್ಯಕ್ಕೊಂದು ಕಾನೂನು. ವ್ಯಸನ ಆಪ್ತಸಲಹೆಗೆ ಕೆಲವು ರಾಜ್ಯಗಳಲ್ಲಿ ಹೈಸ್ಕೂಲ್ ಮುಗಿಸಿದವರೂ ತರಬೇತಿ ಪಡೆದು ಮೊದಲ ಮೆಟ್ಟಿಲು ಹತ್ತಬಹುದು. ಮೇಲಿನ ದರ್ಜೆಗೆ ಸ್ನಾತಕೋತ್ತರ ಪದವಿಯನ್ನೇ ಕೇಳುವ ರಾಜ್ಯಗಳೂ ಇವೆ. ಸಮಾಜಕಾರ್ಯದ ದಾರಿ ಬೇರೆ: ಸಾಮಾನ್ಯವಾಗಿ ಸಿಎಸ್‌ಡಬ್ಲ್ಯುಇ (ಅಲ್ಲಿನ ಸಮಾಜಕಾರ್ಯ ಶಿಕ್ಷಣ ಮಂಡಳಿ) ಮಾನ್ಯತೆಯ ಪದವಿ, ಎಎಸ್‌ಡಬ್ಲ್ಯುಬಿ (ಪರವಾನಗಿ ಮಂಡಳಿಗಳ ಒಕ್ಕೂಟ) ನಡೆಸುವ ಪರೀಕ್ಷೆ, ಆಮೇಲೆ ಹಿರಿಯರ ಮೇಲ್ವಿಚಾರಣೆಯಲ್ಲಿ ಕೆಲಸ. ಕ್ಯಾಲಿಫೋರ್ನಿಯಾದಲ್ಲಿ ಕ್ಲಿನಿಕಲ್ ಪರವಾನಗಿಗೆ ಅಂಥ 3,000 ಗಂಟೆ ಬೇಕು, ಅದೂ ಕನಿಷ್ಠ 104 ವಾರಗಳಲ್ಲಿ ಹರಡಿರಬೇಕು. ಇದನ್ನೆಲ್ಲ ಓದಿ, ನಮ್ಮಲ್ಲೂ ಇಂಥದ್ದೇ ಒಂದು ಕಚೇರಿ ಇರಬೇಕೆಂದುಕೊಂಡಿದ್ದರು. ತಪ್ಪು ಅವರದಲ್ಲ. ಕೋರ್ಸ್ ಮಾರುವವರು ಈ ಗೊಂದಲವನ್ನು ಯಾಕೆ ಬಿಡಿಸುತ್ತಾರೆ?

ನಾನು ಹೇಳಿದ್ದಿಷ್ಟು. ನಮ್ಮಲ್ಲಿ 'ಕೌನ್ಸೆಲರ್' ಎಂಬ ಹೆಸರಿಗೆ ಇನ್ನೂ ಗಟ್ಟಿ ಬೀಗವಿಲ್ಲ, ಆದರೆ ಅಕ್ಕಪಕ್ಕದ ಬಾಗಿಲುಗಳಿಗಿದೆ. ಮದ್ಯ ಮತ್ತು ಮಾದಕವಸ್ತು ಸೇವನೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೇ ತಂದಿದೆ. ಅದೇ ಕಾಯ್ದೆಯ ಪ್ರಕಾರ 'ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್' (ಮನೋವೈದ್ಯಕೀಯ ಸಮಾಜಕಾರ್ಯಕರ್ತರು) ಎನಿಸಿಕೊಳ್ಳಲು ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ, ಅದರ ಮೇಲೆ ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್ ವಿಷಯದಲ್ಲೇ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಬೇಕು, ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯೂ ಆಗಬೇಕು. (ಎಂ.ಫಿಲ್. ಪದವಿಯನ್ನೇ ಯುಜಿಸಿ ನಿಲ್ಲಿಸಿ, ಈ ವಿಷಯಕ್ಕೂ ಕ್ಲಿನಿಕಲ್ ಸೈಕಾಲಜಿಗೂ ಮಾತ್ರ 2025-26ರವರೆಗೆ ಅವಧಿ ವಿಸ್ತರಿಸಿತು. ಸೇರುವ ಮುನ್ನ ಆ ವರ್ಷದ ಅಧಿಸೂಚನೆಯನ್ನು ಕಣ್ಣಾರೆ ನೋಡಿ ಎಂದೆ.) ಆರೋಗ್ಯ ಪೂರಕ ವೃತ್ತಿಗಳ 2021ರ ರಾಷ್ಟ್ರೀಯ ಆಯೋಗ ಕಾಯ್ದೆಯ ಪಟ್ಟಿಯಲ್ಲಿ ಸಮಾಜಕಾರ್ಯಕರ್ತರೂ ಆಪ್ತಸಲಹೆಗಾರರೂ ಸೇರಿದ್ದಾರೆ. ತೆರೆದ ಬಾಗಿಲು ಹೀಗೇ ತೆರೆದಿರುತ್ತದೆಂದು ನಾನಂತೂ ನಂಬುವುದಿಲ್ಲ.

ಹತ್ತು ಹಾಸಿಗೆಯ ಮನೆಯ ವಿಷಯದಲ್ಲಿ ಸ್ವಲ್ಪ ಖಾರವಾಗಿಯೇ ಮಾತಾಡಿದೆ. ಒಳರೋಗಿಗಳನ್ನು ಇಟ್ಟುಕೊಳ್ಳುವ ಕೇಂದ್ರಕ್ಕೆ ಅದೇ 2017ರ ಕಾಯ್ದೆಯಡಿ ನೋಂದಣಿ ಬೇಕು. ಇಲ್ಲದೆ ನಡೆಸಿದರೆ ಮೊದಲ ಸಲಕ್ಕೇ 5,000ದಿಂದ 50,000 ರೂಪಾಯಿ ದಂಡ. ದಂಡದ ಮಾತು ಒತ್ತಟ್ಟಿಗಿರಲಿ. ವರ್ಷಗಟ್ಟಲೆ ಕುಡಿದವರು ದಿಢೀರನೆ ನಿಲ್ಲಿಸಿದಾಗ ಫಿಟ್ಸ್ ಬರಬಹುದು, ಸನ್ನಿ ಹಿಡಿಯಬಹುದು, ಜೀವವೇ ಹೋಗಬಹುದು. "ರಾತ್ರಿ ಎರಡಕ್ಕೆ ಹಾಗಾದರೆ ಆ ಮನೆಯಲ್ಲಿ ಯಾರಿರ್ತಾರೆ?" ಎಂದು ಕೇಳಿದೆ.

"ನಾನೇ."

ಎರಡನೇ ಭೇಟಿಯಲ್ಲಿ ಬೇರೆ ಮಾತು ಹೊರಬಂತು. ಪರಿಚಿತರ ಮನೆಯವರು ಅಪರಾತ್ರಿಯಲ್ಲಿ ಫೋನ್ ಮಾಡುತ್ತಾರೆ, ಇವರು ಎದ್ದು ಹೋಗುತ್ತಾರೆ. ಹಿಂದಿನ ವಾರ ಒಬ್ಬರು ಕುಡಿದ ಮತ್ತಿನಲ್ಲಿ ಇವರ ಹೆಗಲ ಮೇಲೆ ಬಿದ್ದು ಅತ್ತಿದ್ದರು. ಮನೆಗೆ ಬಂದು ಅಂಗಿ ಬಿಚ್ಚಿದಾಗ ಹೆಗಲ ಭಾಗದಲ್ಲಿ ವಾಸನೆ ಉಳಿದಿತ್ತು. "ಒಗೆಯೋಕೆ ಹಾಕೋ ಮುಂಚೆ ಮೂಸಿದೆ ಮೇಡಂ. ಬಕೆಟ್‌ಗೆ ಹಾಕಿ, ಮತ್ತೆ ತೆಗೆದು ಇನ್ನೊಂದ್ಸಲ ಮೂಸಿದೆ." ಹೆಂಡತಿಗೂ ಹೇಳಿರಲಿಲ್ಲ.

ನನ್ನ ಮಟ್ಟಿಗೆ ಪ್ರಕರಣ ತಿರುಗಿದ್ದು ಇಲ್ಲಿ. ಅಷ್ಟೊಂದು ಗಂಟೆಗಳ ಮೇಲ್ವಿಚಾರಣೆ ಕೇಳುವುದನ್ನು ಇವರು ತಮ್ಮನ್ನು ಹೊರಗಿಡುವ ಅಡ್ಡಗೋಡೆಯೆಂದು ಬಗೆದಿದ್ದರು. ಆದರೆ ಆ ಗಂಟೆಗಳಿರುವುದೇ ಇಂಥ ಅಂಗಿಯ ವಿಷಯವನ್ನು ಮಾರನೇ ದಿನ ಒಬ್ಬರೆದುರು ಕೂತು ಹೇಳುವುದಕ್ಕೆ. ಕುಡಿದ ಅನುಭವವಿಲ್ಲದ ಸಲಹೆಗಾರರಿಗೂ ಅದು ಬೇಕು, ನನಗೂ ಬೇಕು. ತಿಂಗಳಿಗೆ ಎರಡು ಸಲ ನಾನು ಈಗಲೂ ನನ್ನ ಹಿರಿಯರ ಬಳಿ ಹೋಗುತ್ತೇನೆ ಎಂದಾಗ ಅವರು ಮೊದಲ ಸಲ ಫೈಲ್ ಮುಚ್ಚಿದರು.

ಕೊನೆಗೆ ಕೊಟ್ಟ ಸಲಹೆ: ಕಾರ್ಡಿನಿಂದ 'ಲೈಸೆನ್ಸ್ಡ್' ತೆಗೆಯಿರಿ, ಅದು ಸುಳ್ಳು. ಇನ್‌ಚಾರ್ಜ್ ಹುದ್ದೆ ಬೇಡ. ನೋಂದಾಯಿತ ಕೇಂದ್ರದಲ್ಲಿ ಪಿಯರ್ ಎಜುಕೇಟರ್ ಕೆಲಸ ಕೇಳಿ. ಚಟದಿಂದ ಹೊರಬಂದವರಿಗೆಂದೇ ಇರುವ ಜಾಗ ಅದು, ಅಲ್ಲಿ ನಿಮ್ಮ ಅಡಿಯ ಹಾಳೆ ಮೇಲಕ್ಕೆ ಬರುತ್ತದೆ. ವಾರಕ್ಕೊಮ್ಮೆ ನಿಮ್ಮ ಕೆಲಸವನ್ನು ಕೂತು ಕೇಳುವವರು ಯಾರೆಂದು ಸೇರುವ ಮೊದಲೇ ವಿಚಾರಿಸಿ, ಯಾರೂ ಇಲ್ಲವೆಂದರೆ ಸಂಬಳ ಎಷ್ಟಿದ್ದರೂ ಬೇಡ. ಒಂದು ವರ್ಷದ ನಂತರವೂ ಆಸೆ ಹೀಗೇ ಇದ್ದರೆ ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಯೋಚಿಸಿ, ಬಿ.ಕಾಂ. ಆದವರನ್ನು ಸೇರಿಸಿಕೊಳ್ಳುವ ವಿಶ್ವವಿದ್ಯಾಲಯಗಳಿವೆ. ಕುಡಿದು ಗಾಡಿ ಓಡಿಸಿದ ಹಳೆಯ ಕೇಸನ್ನು ಯಾವ ಅರ್ಜಿಯಲ್ಲಿ ಕೇಳಿದರೂ ಮುಚ್ಚಿಡಬೇಡಿ. ಸ್ವಸಹಾಯ ಗುಂಪಿನ ಸಭೆ ತಪ್ಪಿಸಬೇಡಿ, ಅಲ್ಲಿ ನೀವು ಸಲಹೆಗಾರರಲ್ಲ. ರಾತ್ರಿಯ ಫೋನ್‌ಗಳಿಗೆ ಆಸ್ಪತ್ರೆಯ ನಂಬರ್ ಕೊಡಿ, ಒಬ್ಬರೇ ಹೋಗಬೇಡಿ.

ಕೊನೆಯದಕ್ಕೆ ಬಹಳ ಹೊತ್ತು ವಾದಿಸಿದರು. ಪೂರ್ತಿ ಒಪ್ಪಿದರೆಂದು ನನಗನ್ನಿಸಿಲ್ಲ.

ಆರು ವಾರದ ನಂತರ ಫೋನ್ ಬಂತು. ಬಾಡಿಗೆ ಮನೆಯ ಪರಿಚಯದವರು ಮಾತು ಬಿಟ್ಟಿದ್ದಾರಂತೆ. ಒಂದು ಕೇಂದ್ರದಲ್ಲಿ ಸದ್ಯಕ್ಕೆ ಸ್ವಯಂಸೇವಕರಾಗಿ ಸೇರಿದ್ದಾರೆ, ಅಲ್ಲಿನ ಸೋಷಿಯಲ್ ವರ್ಕರ್ ಪ್ರತಿ ಗುರುವಾರ ಇವರ ಜೊತೆ ಅರ್ಧ ಗಂಟೆ ಕೂರುತ್ತಾರೆ.

"ಅಂಗಿ ವಿಷಯ ಅವರಿಗೆ ಹೇಳಿದ್ರಾ?"

"ಇನ್ನೂ ಇಲ್ಲ ಮೇಡಂ. ಈ ಗುರುವಾರ."